ಸಬ್ಸಿಡಿ ಆಮೇಲೆ, ಮೊದಲು ಬ್ಯಾಂಕಿನ ಫೈಲು: ಸರ್ಕಾರಿ ಸಾಲಕ್ಕೆ ಅರ್ಜಿ ಹಾಕುವ ಹೆಣ್ಣುಮಕ್ಕಳಿಗೆ

"ಮಹಿಳೆಯರಿಗೆ ಶೇ 50 ಸಬ್ಸಿಡಿ, ಇಂದೇ ಅರ್ಜಿ ಹಾಕಿ" ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತಲೇ ಇರುತ್ತದೆ. ಅದರಲ್ಲಿ ಬಿಟ್ಟುಹೋಗುವ ಮುಖ್ಯ ಮಾತೊಂದಿದೆ. ಈ ಯೋಜನೆಗಳಲ್ಲಿ ಸರ್ಕಾರ ನಿಮ್ಮ ಕೈಗೆ ಬಂಡವಾಳ ಕೊಡುವುದಿಲ್ಲ. ಸಾಲ ಕೊಡುವುದು ಬ್ಯಾಂಕು. ಆ ಸಾಲದ ಒಂದು ಪಾಲನ್ನು ಸರ್ಕಾರ ತೀರಿಸುತ್ತದೆ, ಇಲ್ಲವೇ ಬಡ್ಡಿಯಲ್ಲಿ ಸ್ವಲ್ಪ ಹೊರುತ್ತದೆ, ಇಲ್ಲವೇ ಅಡಮಾನದ ಬದಲು ತಾನು ಗ್ಯಾರಂಟಿ ನಿಲ್ಲುತ್ತದೆ. ಬ್ಯಾಂಕು ಒಪ್ಪದಿದ್ದರೆ ಆಯ್ಕೆ ಸಮಿತಿ ಪಾಸು ಮಾಡಿದ ಅರ್ಜಿಯೂ ಪೋರ್ಟಲ್‌ನಲ್ಲೇ ಕೊಳೆಯುತ್ತದೆ. ಆದ್ದರಿಂದ ಸಬ್ಸಿಡಿ ಎಷ್ಟು ಎಂದು ಕೇಳುವ ಮುಂಚೆ, ಮ್ಯಾನೇಜರ್ ಮೇಜಿನ ಮೇಲೆ ಇಡುವ ಫೈಲು ಹೇಗಿರಬೇಕು ಎಂದು ಯೋಚಿಸಬೇಕು.

ಯಾವ ಕೆಲಸಕ್ಕೆ ಯಾವ ಯೋಜನೆ ಎನ್ನುವುದನ್ನು ಮೊದಲು ನೋಡೋಣ.

ಈಗಾಗಲೇ ನಡೆಯುತ್ತಿರುವ ಸಣ್ಣ ಅಂಗಡಿ, ಟೈಲರಿಂಗ್, ಬ್ಯೂಟಿ ಪಾರ್ಲರ್, ಹಪ್ಪಳ ಸಂಡಿಗೆ ವ್ಯಾಪಾರಕ್ಕೆ ಕೇಂದ್ರದ ಮುದ್ರಾ ಸಾಲ ಸಾಕು. 2015ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ ಇದು. ಶಿಶು ಅಂದರೆ ₹50,000ದವರೆಗೆ, ಕಿಶೋರ ₹5 ಲಕ್ಷದವರೆಗೆ, ತರುಣ ₹10 ಲಕ್ಷದವರೆಗೆ. ತರುಣ ಸಾಲ ತೀರಿಸಿದವರಿಗೆ 2024ರಿಂದ ತರುಣ ಪ್ಲಸ್ ಬಂದಿದೆ, ಅದು ₹20 ಲಕ್ಷದವರೆಗೆ. ಅಡಮಾನ ಕೇಳುವಂತಿಲ್ಲ. ಆದರೆ ಮುದ್ರಾದಲ್ಲಿ ಸಬ್ಸಿಡಿ ಇಲ್ಲವೇ ಇಲ್ಲ. "ಮುದ್ರಾ ಸಬ್ಸಿಡಿ ಕೊಡಿಸುತ್ತೇವೆ" ಎಂದು ಯಾರಾದರೂ ಫೋನ್ ಮಾಡಿ ಪ್ರೊಸೆಸಿಂಗ್ ಫೀ ಕೇಳಿದರೆ ಅದು ಮೋಸ. ಮುದ್ರಾಕ್ಕೆ ಏಜೆಂಟರನ್ನು ಯಾರೂ ನೇಮಿಸಿಲ್ಲ.

ಬಡ ಕುಟುಂಬದ ಹೆಣ್ಣುಮಕ್ಕಳಿಗೆ ರಾಜ್ಯದ ಉದ್ಯೋಗಿನಿ ಇದೆ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ, ವಯಸ್ಸು 18ರಿಂದ 55. ಪರಿಶಿಷ್ಟ ಜಾತಿ, ಪಂಗಡದವರಿಗೆ ₹1 ಲಕ್ಷದಿಂದ ₹3 ಲಕ್ಷದ ಘಟಕಕ್ಕೆ ಅರ್ಧದಷ್ಟು ಸಹಾಯಧನ, ಕುಟುಂಬದ ಆದಾಯ ವರ್ಷಕ್ಕೆ ₹2 ಲಕ್ಷದ ಒಳಗಿರಬೇಕು. ಉಳಿದವರಿಗೆ ಶೇ 30, ಗರಿಷ್ಠ ₹90,000, ಆದಾಯ ಮಿತಿ ₹1.5 ಲಕ್ಷ. ವಿಧವೆಯರಿಗೆ ಮತ್ತು ಅಂಗವಿಕಲ ಮಹಿಳೆಯರಿಗೆ ಆದಾಯ ಮಿತಿ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅರ್ಜಿ ಕರೆಯುವುದು ವರ್ಷದಲ್ಲಿ ಒಂದು ಅವಧಿಗೆ ಮಾತ್ರ, ತಾಲ್ಲೂಕಿಗೆ ಇಷ್ಟು ಎಂದು ಗುರಿ ಇರುತ್ತದೆ, ಶಾಸಕರ ಅಧ್ಯಕ್ಷತೆಯ ಸಮಿತಿ ಆಯ್ಕೆ ಮಾಡುತ್ತದೆ. ಆ ದಿನಾಂಕ ಪೇಪರಿನಲ್ಲಿ ಬಂದಮೇಲೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಿದರೆ ಸಮಯ ಸಾಲದು. ಆರ್‌ಡಿ ನಂಬರ್ (ನಾಡಕಚೇರಿ ಪತ್ರದ ಮೇಲಿನ ಕ್ರಮಸಂಖ್ಯೆ) ಇರುವ ಎರಡೂ ಪತ್ರಗಳನ್ನು ಮೊದಲೇ ಮಾಡಿಸಿ ಇಟ್ಟುಕೊಂಡು, ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಯಾವಾಗ ಕರೆಯುತ್ತಾರೆ ಎಂದು ಕೇಳುತ್ತಿರಿ. ಅಂಗನವಾಡಿ ಕಾರ್ಯಕರ್ತೆಗೂ ಒಂದು ಮಾತು ಹೇಳಿಟ್ಟಿರಿ.

ದೊಡ್ಡ ಮೊತ್ತ ಬೇಕು, ಅಡಮಾನಕ್ಕೆ ಆಸ್ತಿಯೂ ಇದೆ ಎನ್ನುವವರು ಕೆಎಸ್‌ಎಫ್‌ಸಿ, ಅಂದರೆ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯ ಕಡೆ ನೋಡಬಹುದು. ಬಡ್ಡಿಯ ದೊಡ್ಡ ಪಾಲನ್ನು ರಾಜ್ಯ ಸರ್ಕಾರ ಭರಿಸಿ, ಮಹಿಳೆಗೆ ಶೇ 4ಕ್ಕೆ ಸಾಲ ಬೀಳುವಂಥ ಯೋಜನೆಯನ್ನು ಅದು ನಡೆಸಿಕೊಂಡು ಬಂದಿದೆ. ಈ ವರ್ಷ ಅದಕ್ಕೆ ಅನುದಾನ ಉಳಿದಿದೆಯೇ ಎಂದು ಜಿಲ್ಲಾ ಶಾಖೆಯಲ್ಲಿ ಮೊದಲು ವಿಚಾರಿಸಿ. ಕೇಂದ್ರದ ಸ್ಟ್ಯಾಂಡ್ ಅಪ್ ಇಂಡಿಯಾ ಸಾಲ ಯೋಜನೆಯ ಹೆಸರು ಇನ್ನೂ ಎಲ್ಲ ಪಟ್ಟಿಗಳಲ್ಲೂ ಕಾಣುತ್ತದೆ, ಆದರೆ ಅದರ ಅವಧಿ ಇದ್ದದ್ದು 2025ರ ಮಾರ್ಚ್‌ವರೆಗೆ. ಹಳೆಯ ವಿಡಿಯೊ ನೋಡಿ ಅದಕ್ಕೆಂದು ಕಾಗದ ಮಾಡಿಸಬೇಡಿ.

ಹೊಸದಾಗಿ ಘಟಕ ಹಾಕುವವರಿಗೆ ಉಳಿಯುವುದು ಮುಖ್ಯವಾಗಿ ಎರಡು: ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಮತ್ತು ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ). ನಿಜವಾದ ಹಣ ಇರುವುದು ಇಲ್ಲಿ, ಜನ ಎಡವುವುದೂ ಇಲ್ಲೇ. ಎರಡಕ್ಕೂ ಕೇಂದ್ರ ಮಂಜೂರು ಮಾಡಿದ್ದ ಅವಧಿ 2025-26ರ ಆರ್ಥಿಕ ವರ್ಷದ ಕೊನೆಯವರೆಗೆ. ಆದ್ದರಿಂದ ಪೋರ್ಟಲ್‌ನಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ನಿಯಮ ಬದಲಾಗಿದೆಯೇ ಎಂದು ಖಾತ್ರಿ ಮಾಡಿಕೊಂಡೇ ಮುಂದಿನ ಹೆಜ್ಜೆ ಇಡಿ.

ಪಿಎಂಇಜಿಪಿ 2008ರಿಂದ ನಡೆಯುತ್ತಿದೆ. ಖಾದಿ ಆಯೋಗ, ರಾಜ್ಯದ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಇವುಗಳಲ್ಲಿ ಯಾವುದರ ಮೂಲಕವಾದರೂ ಅರ್ಜಿ ಹಾಕಬಹುದು. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚ ₹50 ಲಕ್ಷದವರೆಗೆ, ಸೇವೆ ಮತ್ತು ವ್ಯಾಪಾರಕ್ಕೆ ₹20 ಲಕ್ಷದವರೆಗೆ. ಸಾಮಾನ್ಯ ವರ್ಗದ ಗಂಡಸಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ, ಸ್ವಂತ ಹಣ ಶೇ 10. ಹೆಣ್ಣುಮಕ್ಕಳು ಯಾವ ಜಾತಿಯವರಾದರೂ ವಿಶೇಷ ವರ್ಗಕ್ಕೆ ಸೇರುತ್ತಾರೆ: ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35, ಸ್ವಂತ ಹಣ ಬರೀ ಶೇ 5. ತಯಾರಿಕೆಯಲ್ಲಿ ₹10 ಲಕ್ಷ, ಸೇವೆಯಲ್ಲಿ ₹5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು. ಅದಕ್ಕಿಂತ ಕಡಿಮೆಗೆ ಓದಿನ ಷರತ್ತಿಲ್ಲ.

ಮೂರು ಷರತ್ತುಗಳಲ್ಲಿ ಮಾತ್ರ ರಿಯಾಯಿತಿ ಇಲ್ಲ. ಘಟಕ ಹೊಸದಾಗಿರಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೇ ಸಿಗುತ್ತದೆ. ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೆ ಸಿಗುವುದಿಲ್ಲ. ಗಂಡ ಹಿಂದೆ ಯಾವಾಗಲೋ ಪಿಎಂಇಜಿಪಿಯಲ್ಲಿ ಸಾಲ ತೆಗೆದಿದ್ದರೆ ನಿಮ್ಮ ಅರ್ಜಿ ಅಲ್ಲಿಗೇ ಮುಗಿಯಿತು. ಹಾಗಾಗಿ ಮನೆಯಲ್ಲಿ ಇದನ್ನು ಮೊದಲೇ ಕೇಳಿಕೊಳ್ಳಿ.

ಪಿಎಂಎಫ್‌ಎಂಇ ಆಹಾರ ಸಂಸ್ಕರಣೆಗೆ ಮಾತ್ರ. ಗಾಣದ ಎಣ್ಣೆ, ಬೆಲ್ಲ, ರೊಟ್ಟಿ, ಉಪ್ಪಿನಕಾಯಿ, ಸಾಂಬಾರ ಪುಡಿ, ಬೇಕರಿ ಎಲ್ಲ ಬರುತ್ತವೆ, ಈಗಾಗಲೇ ನಡೆಯುತ್ತಿರುವ ಘಟಕವೂ ಅರ್ಹ. ಕೇಂದ್ರದ ಲೆಕ್ಕದಲ್ಲಿ ಶೇ 35, ಗರಿಷ್ಠ ₹10 ಲಕ್ಷ. ಕರ್ನಾಟಕ ಸರ್ಕಾರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ ₹15 ಲಕ್ಷ ಮಾಡಿದೆ. ಆ ವಾಟ್ಸ್‌ಆ್ಯಪ್ ಸಂದೇಶದ "ಶೇ 50" ಬಹುತೇಕ ಇದೇ. ಸ್ವಂತ ಹಣ ಶೇ 10 ಹಾಕಬೇಕು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಎಂಬ ಸರ್ಕಾರಿ ನಿಗಮ. ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅರ್ಜಿ ತುಂಬುವುದು, ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ಅವರ ಕೆಲಸ. ಅದಕ್ಕೆ ಅವರಿಗೆ ಯೋಜನೆಯಿಂದಲೇ ಹಣ ಸಂದಾಯವಾಗುತ್ತದೆ, ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಸ್ವಸಹಾಯ ಸಂಘದಲ್ಲಿದ್ದು ಆಹಾರ ತಯಾರಿಸುವ ಸದಸ್ಯೆಗೆ ತಲಾ ₹40,000ದವರೆಗೆ ಬೀಜಧನವೂ ಇದೆ, ಅದು ಸಂಘದ ಮೂಲಕ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಲಬುರಗಿ ಕಡೆಯ ಒಂದು ಹಳ್ಳಿಯಲ್ಲಿ ಜೋಳದ ರೊಟ್ಟಿ ಘಟಕ ಎಂದಿಟ್ಟುಕೊಳ್ಳಿ. ಯಂತ್ರ, ವೈರಿಂಗ್, ಅಳವಡಿಕೆ ಸೇರಿ ₹6 ಲಕ್ಷ, ದುಡಿಯುವ ಬಂಡವಾಳ (ಹಿಟ್ಟು, ಕೂಲಿಯಂಥ ದಿನದ ಖರ್ಚಿನ ಹಣ) ₹2 ಲಕ್ಷ, ಒಟ್ಟು ₹8 ಲಕ್ಷ. ಪಿಎಂಇಜಿಪಿಯಲ್ಲಿ ನಿಮ್ಮ ಪಾಲು ₹40,000. ಬ್ಯಾಂಕ್ ಸಾಲ ₹7.6 ಲಕ್ಷ. ಸಬ್ಸಿಡಿ ₹2.8 ಲಕ್ಷ. ನೀವು ನಿಜವಾಗಿ ತೀರಿಸಬೇಕಾದ ಅಸಲು ₹4.8 ಲಕ್ಷ. ಬಡ್ಡಿ ಶೇ 11 ಎಂದು ಹಿಡಿದು ಐದು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು ₹10,400.

ಏಜೆಂಟರು ಮಾಡಿಕೊಡುವ ಪ್ರಾಜೆಕ್ಟ್ ರಿಪೋರ್ಟ್ ಬಿದ್ದುಹೋಗುವುದು ಅದರ ಮುಂದಿನ ಪುಟದಲ್ಲಿ, ಮಾರಾಟದ ಅಂದಾಜಿನಲ್ಲಿ. ಕ್ಯಾಟಲಾಗಿನಲ್ಲಿ ಯಂತ್ರ ಗಂಟೆಗೆ 500 ರೊಟ್ಟಿ ಮಾಡುತ್ತದೆ ಎಂದಿದ್ದರೆ, ಅವರು ಅದನ್ನು 8 ಗಂಟೆ, 300 ದಿನಕ್ಕೆ ಗುಣಿಸಿ ವರ್ಷಕ್ಕೆ 12 ಲಕ್ಷ ರೊಟ್ಟಿ ಎಂದು ಬರೆಯುತ್ತಾರೆ. ಮ್ಯಾನೇಜರ್ ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ 4,000 ರೊಟ್ಟಿ ಯಾರಿಗಮ್ಮ ಮಾರ್ತೀಯಾ? ಉತ್ತರ ಇಲ್ಲದಿದ್ದರೆ ಆ ರಿಪೋರ್ಟಿನ ಉಳಿದ ಅಂಕಿಗಳನ್ನೂ ಅವರು ನಂಬುವುದಿಲ್ಲ.

ಬದಲಿಗೆ ಹೀಗೆ ಬರೆಯಿರಿ. ದಿನಕ್ಕೆ 1,500 ರೊಟ್ಟಿ, ತಿಂಗಳಿಗೆ 26 ದಿನ. ಮಾರುವುದು ₹6ಕ್ಕೆ. ಒಂದು ರೊಟ್ಟಿಗೆ ಹಿಟ್ಟು ₹2.75, ಗ್ಯಾಸು ಮತ್ತು ಕರೆಂಟು 50 ಪೈಸೆ, ಪ್ಯಾಕಿಂಗ್ ಮತ್ತು ಸಾಗಣೆ 60 ಪೈಸೆ. ಉಳಿಯುವುದು ₹2.15. ದಿನಕ್ಕೆ ₹3,225. ಕೆಲಸದ ನಾಲ್ವರಿಗೆ ತಲಾ ₹400ರಂತೆ ₹1,600 ಹೋದರೆ ₹1,625. ತಿಂಗಳಿಗೆ ₹42,250. ಬಾಡಿಗೆ ₹5,000, ಕಂತು ₹10,400 ತೆಗೆದರೆ ನಿಮಗೆ ₹26,850. ದರಗಳನ್ನು ಉದಾಹರಣೆಗೆ ಹಿಡಿದಿದ್ದೇನೆ, ನಿಮ್ಮೂರಿನ ದರ ಹಾಕಿಕೊಳ್ಳಿ.

ಇದಾದ ಮೇಲೆ ಬಹಳ ಜನ ಮಾಡದೆ ಬಿಡುವ ಲೆಕ್ಕ ಇನ್ನೊಂದಿದೆ. ಮಾರಾಟ ದಿನಕ್ಕೆ 1,000ಕ್ಕೆ ಇಳಿದರೆ? ಉಳಿಯುವುದು ₹2,150, ಕೂಲಿ ಅಷ್ಟೇ ₹1,600, ದಿನಕ್ಕೆ ₹550. ತಿಂಗಳಿಗೆ ₹14,300. ಬಾಡಿಗೆ ಕಳೆದರೆ ₹9,300. ಕಂತಿಗೇ ಸಾಲದು, ನಿಮ್ಮ ದುಡಿಮೆಗೆ ಸೊನ್ನೆ. ಅಂದರೆ ಈ ಘಟಕ 1,000 ಮತ್ತು 1,500ರ ನಡುವೆ ಎಲ್ಲೋ ಉಳಿಯುತ್ತದೆ ಅಥವಾ ಮುಳುಗುತ್ತದೆ. ಅದನ್ನು ನೀವೇ ಮೊದಲು ತಿಳಿದು, ಮಾರಾಟ ತಗ್ಗಿದ ತಿಂಗಳು ಕೆಲಸದವರನ್ನು ಇಬ್ಬರಿಗೆ ಇಳಿಸುತ್ತೀರಾ, ಯಂತ್ರವನ್ನೇ ಸಣ್ಣದು ತರುತ್ತೀರಾ ಎಂದು ರಿಪೋರ್ಟಿನಲ್ಲೇ ಬರೆದರೆ, ಬ್ಯಾಂಕಿನವರು ನಿಮ್ಮ ಮಾತನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ. ಜೊತೆಗೆ ಎರಡು ಖಾನಾವಳಿ, ಒಂದು ಹಾಸ್ಟೆಲ್, ಒಂದು ಕಿರಾಣಿ ಅಂಗಡಿಯವರಿಂದ "ದಿನಕ್ಕೆ ಇಷ್ಟು ರೊಟ್ಟಿ ತೆಗೆದುಕೊಳ್ಳುತ್ತೇವೆ" ಎಂದು ಅವರ ಲೆಟರ್‌ಹೆಡ್‌ನಲ್ಲೋ ಸೀಲು ಹಾಕಿಯೋ ಬರೆಸಿಕೊಂಡು ಹೋಗಿ. ಹೊಳೆಯುವ ಕವರಿನ ನಲವತ್ತು ಪುಟದ ರಿಪೋರ್ಟಿಗಿಂತ ಈ ನಾಲ್ಕು ಚೀಟಿಗಳಿಗೆ ಬೆಲೆ ಹೆಚ್ಚು.

ಇದೇ ಘಟಕಕ್ಕೆ ಪಿಎಂಎಫ್‌ಎಂಇ ಹೆಚ್ಚು ಲಾಭವೇ? ಯಂತ್ರದ ₹6 ಲಕ್ಷಕ್ಕೆ ಶೇ 50 ಅಂದರೆ ₹3 ಲಕ್ಷ. ಪಿಎಂಇಜಿಪಿಯ ₹2.8 ಲಕ್ಷಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಸ್ವಂತ ಹಣ ಮಾತ್ರ ಇಲ್ಲಿ ಹೆಚ್ಚು ಬೇಕು. ಕೈಯಲ್ಲಿ ಹಣ ಕಡಿಮೆ, ಘಟಕ ಹೊಸದು, ಹಳ್ಳಿಯಲ್ಲಿದೆ ಎಂದರೆ ಪಿಎಂಇಜಿಪಿ ಅನುಕೂಲ. ಘಟಕ ಆಗಲೇ ನಡೆಯುತ್ತಿದೆ, ನಗರದಲ್ಲಿದೆ, ಅಥವಾ ಖರ್ಚಿನ ಬಹುಪಾಲು ಯಂತ್ರಕ್ಕೇ ಹೋಗುತ್ತದೆ ಎಂದರೆ ಪಿಎಂಎಫ್‌ಎಂಇ.

ಇನ್ನು ಕಾಗದಗಳು. ಹೆಚ್ಚು ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಶಾಂತಮ್ಮ, ಪ್ಯಾನ್‌ನಲ್ಲಿ ಶಾಂತಾ ಎಸ್., ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ನಮ್ಮಲ್ಲಿ ಇನಿಷಿಯಲ್ ತಂದೆಯದೋ ಊರಿನದೋ ಗಂಡನದೋ, ಒಂದೊಂದು ಕಡೆ ಒಂದೊಂದು. ಪೋರ್ಟಲ್‌ಗಳು ಆಧಾರ್ ಹೆಸರನ್ನೇ ಹಿಡಿದು ತಾಳೆ ನೋಡುತ್ತವೆ. ಹಾಗಾಗಿ ಆಧಾರ್ ಸರಿ ಮಾಡಿಸಿ, ಅದರಂತೆ ಪ್ಯಾನ್ ತಿದ್ದಿಸಿ, ಆಮೇಲೆ ಬ್ಯಾಂಕಿನಲ್ಲಿ ಕೆವೈಸಿ, ಕೊನೆಗೆ ಉದ್ಯಮ್ ಪೋರ್ಟಲ್‌ನಲ್ಲಿ ಸಣ್ಣ ಉದ್ಯಮವಾಗಿ ನೋಂದಣಿ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ನವೀಕರಣವೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ, ಹಣ ಕೇಳುವ ತಾಣಗಳು ಸರ್ಕಾರದವಲ್ಲ.

ಎರಡನೆಯದು ಸಿಬಿಲ್, ಅಂದರೆ ನಿಮ್ಮ ಹಳೆಯ ಸಾಲಗಳ ಜಾತಕ ಹೇಳುವ ವರದಿ. ಮೈಕ್ರೊ ಫೈನಾನ್ಸ್ ಸಾಲದ ತಪ್ಪಿದ ಕಂತುಗಳು, ಅಣ್ಣ ತಮ್ಮಂದಿರ ಸಾಲಕ್ಕೆ ಹಾಕಿದ ಜಾಮೀನು, ತೀರಿಸಿದ್ದರೂ "ಬಾಕಿ" ಎಂದೇ ತೋರಿಸುವ ಹಳೆಯ ಚಿನ್ನದ ಸಾಲ, ಎಲ್ಲ ಅಲ್ಲಿ ಕೂತಿರುತ್ತವೆ. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ನಿಮಗಿದೆ. ತಪ್ಪಿದ್ದರೆ ಸಾಲ ತೀರಿಸಿದ ಪತ್ರ ಲಗತ್ತಿಸಿ ಸಿಬಿಲ್ ತಾಣದಲ್ಲೇ ತಕರಾರು ಹಾಕಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಾಲದ ಅರ್ಜಿ ಹಾಕುವ ಎರಡು ಮೂರು ತಿಂಗಳ ಮುಂಚೆಯೇ ಈ ಕೆಲಸ ಮುಗಿಸಿ.

ಮೂರನೆಯದು ಜಾಗ. ಶೆಡ್ಡು ಮಾವನ ಹೆಸರಿನಲ್ಲಿದ್ದರೆ ಬಾಯಿಮಾತಿನ ಒಪ್ಪಿಗೆ ನಡೆಯದು. ಒಪ್ಪಿಗೆ ಪತ್ರ ಅಥವಾ ಬಾಡಿಗೆ ಕರಾರು ಬೇಕು. ಕರಾರು ಹನ್ನೊಂದು ತಿಂಗಳಿನದಾದರೆ ಐದು ವರ್ಷದ ಸಾಲ ಕೊಡುವವರು ಸಹಜವಾಗಿ ಹಿಂಜರಿಯುತ್ತಾರೆ. ಪಂಚಾಯಿತಿ ಆಸ್ತಿಗೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ನಮೂನೆ 9, 11, ಪಂಚಾಯಿತಿಯ ಪರವಾನಗಿ, ಘಟಕ ಇರುವುದು ಗ್ರಾಮೀಣ ಪ್ರದೇಶದಲ್ಲಿ ಎಂಬ ದೃಢೀಕರಣ ತೆಗೆದಿಡಿ. ಈ ಕೊನೆಯ ಹಾಳೆ ಇಲ್ಲದಿದ್ದರೆ ಶೇ 35 ಹೋಗಿ ಶೇ 25 ಆಗುತ್ತದೆ. ನಮ್ಮ ರೊಟ್ಟಿ ಘಟಕದ ಲೆಕ್ಕದಲ್ಲಿ ₹80,000 ನಷ್ಟ. ಮನೆ ಮೀಟರಿನಲ್ಲಿ ಯಂತ್ರ ಓಡಿಸುವ ಯೋಚನೆ ಬೇಡ. ಕೈಗಾರಿಕಾ ಸಂಪರ್ಕ, ಅಂದರೆ ಎಲ್‌ಟಿ-5, ತ್ರೀ ಫೇಸ್ ಸಿಗುತ್ತದೆಯೇ, ಕಂಬ ಎಷ್ಟು ದೂರ ಎಂದು ಯಂತ್ರ ಆರಿಸುವ ಮುಂಚೆ ಎಸ್ಕಾಂ (ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಿನಲ್ಲಿ ಕೇಳಿ. ಯಂತ್ರ ಬಂದು ಕರೆಂಟಿಗೆ ಕಾಯುವಾಗಲೂ ಬಡ್ಡಿ ಓಡುತ್ತಲೇ ಇರುತ್ತದೆ.

ನಾಲ್ಕನೆಯದು ಕೊಟೇಶನ್. ಜಿಎಸ್‌ಟಿ ನಂಬರ್, ಮಾಡೆಲ್, ಮೋಟಾರಿನ ಎಚ್‌ಪಿ, ತೆರಿಗೆ, ಸಾಗಣೆ, ವಾರಂಟಿ ಬಿಡಿಬಿಡಿಯಾಗಿ ಇರಬೇಕು. ಸಬ್ಸಿಡಿ ಹೆಚ್ಚು ಬರಲೆಂದು ₹4 ಲಕ್ಷದ ಯಂತ್ರಕ್ಕೆ ₹6 ಲಕ್ಷದ ಕೊಟೇಶನ್ ಕೊಡುವ ಡೀಲರ್‌ಗಳಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಬ್ಯಾಂಕು ಹಣವನ್ನು ಡೀಲರ್ ಖಾತೆಗೇ ಹಾಕುತ್ತದೆ, ಆ ಹೆಚ್ಚುವರಿ ₹2 ಲಕ್ಷ ಅವನ ಕೈಯಲ್ಲಿರುತ್ತದೆ, ಕಂತು ನಿಮ್ಮ ತಲೆ ಮೇಲೆ. ಹಾಗೆಯೇ, ಮಂಜೂರಾತಿ ಪತ್ರ ಬರುವ ಮುಂಚೆ ಯಂತ್ರ ಕೊಂಡುಬಿಡಬೇಡಿ. ಹಳೆಯ ತಾರೀಖಿನ ಬಿಲ್ಲಿಗೆ ಸಬ್ಸಿಡಿ ಸಿಗುವುದಿಲ್ಲ.

ಅರ್ಜಿ ಆನ್‌ಲೈನ್‌ನಲ್ಲಿ ಹಾಕುವ ಮುಂಚೆಯೇ ಶಾಖೆಗೆ ಹೋಗಿ ಮ್ಯಾನೇಜರನ್ನು ಕಾಣಿ. ಪಿಎಂಇಜಿಪಿ ಅರ್ಜಿಯಲ್ಲಿ ಬ್ಯಾಂಕನ್ನು ಆರಿಸುವವರು ನೀವೇ, ಪರ್ಯಾಯ ಬ್ಯಾಂಕಿಗೂ ಜಾಗ ಇದೆ. ವರ್ಷಗಳಿಂದ ಉಳಿತಾಯ ಖಾತೆ ಇರುವ, ಊರಿಗೆ ಹತ್ತಿರದ ಶಾಖೆಯೇ ಒಳ್ಳೆಯದು, ಏಕೆಂದರೆ ಘಟಕ ನೋಡಲು ಅವರು ಬರಬೇಕು. ₹20 ಲಕ್ಷದವರೆಗಿನ (2026ರ ಏಪ್ರಿಲ್‌ಗೆ ಮುಂಚೆ ಈ ಮಿತಿ ₹10 ಲಕ್ಷ ಇತ್ತು) ಕಿರು ಉದ್ಯಮ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. ಅದಕ್ಕಿಂತ ಮೇಲಿನದಕ್ಕೆ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಟ್ರಸ್ಟಿನ ಗ್ಯಾರಂಟಿ ಇದೆ, ಅದರ ಶುಲ್ಕ ಸಾಮಾನ್ಯವಾಗಿ ನಿಮ್ಮ ಮೇಲೆ ಬೀಳುತ್ತದೆ, ಮಹಿಳೆಯರಿಗೆ ರಿಯಾಯಿತಿ ಉಂಟು.

ಮ್ಯಾನೇಜರ್ ಎದುರು ಕೂತಾಗ ಮಾತನಾಡಬೇಕಾದವರು ನೀವು. ಸಬ್ಸಿಡಿ ಹೆಚ್ಚೆಂಬ ಕಾರಣಕ್ಕೆ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿ, ಎಲ್ಲ ಪ್ರಶ್ನೆಗೂ ಗಂಡನೇ ಉತ್ತರ ಕೊಡುವ ಅರ್ಜಿಗಳನ್ನು ಬ್ಯಾಂಕಿನವರು ಒಂದೇ ನಿಮಿಷದಲ್ಲಿ ಗುರುತಿಸುತ್ತಾರೆ. ಬ್ಯಾಂಕಿಗಿಂತ ದೊಡ್ಡ ತೊಂದರೆ ನಿಮಗೇ: ಸಹಿ ನಿಮ್ಮದು, ಸಿಬಿಲ್ ನಿಮ್ಮದು, ನೋಟಿಸು ಬರುವುದೂ ನಿಮ್ಮ ಹೆಸರಿಗೆ. ಹಿಟ್ಟು ಕೆಜಿಗೆ ಎಷ್ಟು, ಒಂದು ಕೆಜಿಗೆ ಎಷ್ಟು ರೊಟ್ಟಿ, ಯಾರಿಗೆ ಉದ್ರಿ, ಎಷ್ಟು ದಿನ ಎನ್ನುವುದು ನಿಮ್ಮ ನಾಲಿಗೆ ತುದಿಯಲ್ಲಿರಲಿ.

ತರಬೇತಿಯನ್ನು ಮಂಜೂರಾತಿಗೆ ಕಾಯದೆ ಮುಗಿಸಿಬಿಡಿ. ಪಿಎಂಇಜಿಪಿಯಲ್ಲಿ ₹2 ಲಕ್ಷದವರೆಗಿನ ಯೋಜನೆಗೆ ಇದು ಬೇಡ, ₹5 ಲಕ್ಷದವರೆಗೆ 5 ದಿನ, ಅದಕ್ಕೂ ಮೇಲೆ 10 ದಿನ. ಆನ್‌ಲೈನ್‌ನಲ್ಲೂ ಮಾಡಬಹುದು. ಆದರೆ ಸಾಧ್ಯವಿದ್ದರೆ ನಿಮ್ಮ ಜಿಲ್ಲೆಯ ಆರ್‌ಸೆಟಿಗೇ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಹೋಗಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲೇ ದೇಶದ ತುಂಬ ಬೆಳೆದ ಸಂಸ್ಥೆಗಳಿವು. ಊಟ, ವಸತಿ, ತರಬೇತಿ ಎಲ್ಲ ಉಚಿತ, ಅಲ್ಲಿಯ ಪ್ರಮಾಣಪತ್ರಕ್ಕೆ ಬ್ಯಾಂಕಿನಲ್ಲಿ ಮರ್ಯಾದೆಯೂ ಇದೆ.

₹25 ಲಕ್ಷದವರೆಗಿನ ಕಿರು, ಸಣ್ಣ ಉದ್ಯಮ ಸಾಲಕ್ಕೆ 14 ಕೆಲಸದ ದಿನಗಳಲ್ಲಿ ತೀರ್ಮಾನ ಹೇಳಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಕಾಗದವೆಲ್ಲ ಕೊಟ್ಟ ದಿನ ಸ್ವೀಕೃತಿ ಕೇಳಿ ಪಡೆಯಿರಿ, ಆ ದಿನಗಳು ಲೆಕ್ಕವಾಗುವುದು ಅಲ್ಲಿಂದ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಾರಣ ಸರಿಯಿದ್ದರೆ ತಿದ್ದಿಕೊಂಡು ಮತ್ತೆ ಹೋಗಿ. ಸರಿಯಿಲ್ಲ ಎನಿಸಿದರೆ ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಮ್ಯಾನೇಜರನ್ನು ಕಾಣಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಖರ್ಚಿಲ್ಲ.

ಸಾಲ ಬಂದಮೇಲಿನ ಮೂರು ವರ್ಷದ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಪಿಎಂಇಜಿಪಿ ಸಬ್ಸಿಡಿ ನಿಮ್ಮ ಖಾತೆಗೆ ಬರುವುದಿಲ್ಲ. ಬ್ಯಾಂಕು ಮೊದಲ ಕಂತು ಬಿಡುಗಡೆ ಮಾಡಿ ಕ್ಲೇಮ್ ಕಳಿಸಿದ ನಂತರ ಅದು ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಬ್ಯಾಂಕಿನಲ್ಲೇ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುವಂತಿಲ್ಲ. ಇದನ್ನು ಸ್ಟೇಟ್‌ಮೆಂಟಿನಲ್ಲಿ ನೀವೇ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಅಸಲು ಪೂರ್ತಿ ಬಾಕಿಯಿರುವಾಗ ₹4.8 ಲಕ್ಷಕ್ಕೆ ವರ್ಷದ ಬಡ್ಡಿ ₹52,800. ತಪ್ಪಿ ₹7.6 ಲಕ್ಷಕ್ಕೂ ಹಾಕಿದರೆ ₹83,600. ವರ್ಷಕ್ಕೆ ₹30,800 ವ್ಯತ್ಯಾಸ. ಕಂಪ್ಯೂಟರಿನಲ್ಲಿ ಠೇವಣಿಯನ್ನು ಸಾಲದ ಖಾತೆಗೆ ಜೋಡಿಸದೆ ಬಿಟ್ಟರೆ ಹೀಗಾಗುತ್ತದೆ, ಲಿಖಿತವಾಗಿ ಕೇಳಿದರೆ ತಿರುಗಿಸಿ ಹಾಕುತ್ತಾರೆ.

ದುಡಿಯುವ ಬಂಡವಾಳದ ಸಿಸಿ ಖಾತೆಯನ್ನು (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಖಾತೆ) ಸುಮ್ಮನೆ ಇಡಬೇಡಿ. ಈ ಮೂರು ವರ್ಷದಲ್ಲಿ ಒಮ್ಮೆಯಾದರೂ ಮಿತಿಯನ್ನು ಪೂರ್ತಿ ಬಳಸಿರಬೇಕು, ಒಟ್ಟಾರೆ ಬಳಕೆ ಶೇ 75ಕ್ಕಿಂತ ಕಡಿಮೆ ಇರಬಾರದು. ತಿಂಗಳ ಸ್ಟಾಕ್ ಪಟ್ಟಿ ತಪ್ಪದೆ ಕೊಡಿ. ಘಟಕದ ಮುಂದೆ ಬೋರ್ಡ್ ಹಾಕಿ, ಖರೀದಿ ಮತ್ತು ಮಾರಾಟದ ಬಿಲ್ಲುಗಳನ್ನು ತಿಂಗಳವಾರು ಕಟ್ಟಿಡಿ, ಸಾಧ್ಯವಾದಷ್ಟು ಮಾರಾಟದ ಹಣ ಅದೇ ಖಾತೆಗೆ ಬೀಳಲಿ. ಮೂರು ವರ್ಷ ಮುಗಿಯುವಾಗ ಘಟಕ ನಡೆಯುತ್ತಿದೆಯೇ ಎಂದು ಸ್ಥಳ ಪರಿಶೀಲನೆ ಆಗುತ್ತದೆ. ಮಧ್ಯದಲ್ಲೇ ಮುಚ್ಚಿದ್ದರೆ ಸಬ್ಸಿಡಿ ಖಾದಿ ಆಯೋಗಕ್ಕೆ ವಾಪಸ್ ಹೋಗಿ, ಪೂರ್ತಿ ಸಾಲ ನಿಮ್ಮದಾಗುತ್ತದೆ.

ಪರಿಶೀಲನೆ ಮುಗಿದ ಮೇಲೆ ಠೇವಣಿ ತಾನಾಗಿಯೇ ಸಾಲಕ್ಕೆ ಜಮೆ ಆಗುತ್ತದೆ ಎಂದು ಕೂರದೆ, ಮೂರನೇ ವರ್ಷ ತುಂಬುವ ತಿಂಗಳು ಶಾಖೆಗೆ ಒಂದು ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಹೊಂದಾಣಿಕೆ ಆಗಿ ಉಳಿದ ಸಾಲವೂ ಸರಿಯಾಗಿ ತೀರಿದ ಘಟಕಕ್ಕೆ ಪಿಎಂಇಜಿಪಿಯಲ್ಲೇ ಎರಡನೇ ಸಾಲ ಇದೆ: ತಯಾರಿಕೆಗೆ ₹1 ಕೋಟಿಯವರೆಗೆ, ಸೇವೆಗೆ ₹25 ಲಕ್ಷದವರೆಗೆ, ಸಬ್ಸಿಡಿ ಶೇ 15. ಅದಕ್ಕೆ ಅರ್ಜಿ ಹಾಕುವಾಗ ಬ್ಯಾಂಕು ಮೊದಲು ಕೇಳುವುದು ಆ ತಿಂಗಳವಾರು ಬಿಲ್ಲುಗಳ ಕಟ್ಟನ್ನೇ.